ಬಾಡಿಗೆ ಏರಿಸಿದರು ಅಂತ ಲೀಸಿಗೆ ಹೋಗಬೇಡಿ

ಲೀಸಿಗೆ ಹೋಗಲಾ ಅಂತ ನೀವು ಕೇಳಿದ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಬಾಡಿಗೆಯನ್ನು 22 ಸಾವಿರದಿಂದ 26ಕ್ಕೆ ಏರಿಸಿದ ಓನರೇ, ಕಷ್ಟ ಅನ್ನಿಸಿದರೆ 15 ಲಕ್ಷ ಕೊಟ್ಟು ಮೂರು ವರ್ಷ ಲೀಸಿಗೆ ಇದ್ದುಬಿಡಿ, ತಿಂಗಳ ಬಾಡಿಗೆ ಬೇಡ, ಬಿಡುವಾಗ ದುಡ್ಡು ವಾಪಸ್ ಅಂದಿದ್ದಾರೆ, ಅಲ್ವಾ? 2018ರಲ್ಲಿ ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ಮ ಓನರ್ ನನಗೂ ಹೀಗೇ ಹೇಳಿದ್ದರು. ಆಗ 9 ಲಕ್ಷ. ಊರಲ್ಲಿ ಅಪ್ಪ ಅಡಿಕೆ ಮಾರಿದ ದುಡ್ಡು, ಹೆಂಡತಿಯ ಬಳೆ ಅಡ ಇಟ್ಟು ತಂದದ್ದು, ಎಲ್ಲ ಸೇರಿಸಿ ಕೊಟ್ಟೆ.

ತಪ್ಪಾಗಿದ್ದು ಅಗ್ರಿಮೆಂಟ್ ದಿನ. ಅವರು ಮೇಜಿನ ಮೇಲೆ ಕ್ರಯಪತ್ರದ ಜೆರಾಕ್ಸ್ ಇಟ್ಟರು. ಒರಿಜಿನಲ್ ಎಲ್ಲಿ ಸರ್ ಅಂದೆ. "ಲಾಕರ್‌ನಲ್ಲಿದೆ. ನಾಲ್ಕು ವರ್ಷದಿಂದ ಒಂದೇ ಮನೆಯವರ ಥರ ಇದ್ದೀವಿ, ನಂಬಿಕೆ ಇಲ್ವೇನಪ್ಪ?" ಅಂದರು. ಕೇಳಿದ್ದಕ್ಕೆ ನನಗೇ ನಾಚಿಕೆಯಾಗಿ ಸುಮ್ಮನಾದೆ. ಆ ಒರಿಜಿನಲ್ ಬ್ಯಾಂಕಿನಲ್ಲಿ ಅಡ ಬಿದ್ದಿತ್ತು. ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ ತೆಗೆಸಿದ್ದರೆ ಸಾಲ ಅದರಲ್ಲೇ ಕಾಣುತ್ತಿತ್ತು, ನಾನು ತೆಗೆಸಲಿಲ್ಲ. ಈಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಇಸಿ ಒಂದನ್ನೇ ನಂಬಿಕೊಂಡೂ ಕೂರಬೇಡಿ. ಪತ್ರ ಇಟ್ಟು ತಂದ ಸಾಲ ರಿಜಿಸ್ಟರ್ ಆಗದಿದ್ದರೆ ಅದರಲ್ಲಿ ಬರುವುದಿಲ್ಲ, ಅದಕ್ಕೇ ಒರಿಜಿನಲ್ ಕ್ರಯಪತ್ರವನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಮೂರು ವರ್ಷದ ಲೀಸನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಬೇಕಿತ್ತು. ನಾವು ಮಾಡಿಕೊಂಡಿದ್ದು ಸ್ಟಾಂಪ್ ಪೇಪರಿನ 11 ತಿಂಗಳ ಅಗ್ರಿಮೆಂಟ್.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಕೆಲಸದಿಂದ ಬಂದರೆ ಕರೆಂಟ್ ಮೀಟರ್ ಪಕ್ಕದ ಗೋಡೆಗೆ ಬ್ಯಾಂಕಿನ ನೋಟೀಸು ಅಂಟಿಸಿದ್ದರು. ಗೋಂದು ಇನ್ನೂ ಹಸಿಯಾಗಿತ್ತು. ಮಗಳು ಅದರಲ್ಲಿದ್ದ ನಮ್ಮ ಮನೆ ನಂಬರನ್ನು ಜೋರಾಗಿ ಓದುತ್ತಿದ್ದಳು. ಬ್ಯಾಂಕಿನವರು ಮರ್ಯಾದೆಯಿಂದಲೇ ಮಾತಾಡಿದರು. ಸಾಲ ನಮ್ಮದು ಮೊದಲು, ನಿಮ್ಮ ಲೀಸು ಆಮೇಲಿನದು, ಅದಕ್ಕೆ ನಾವು ಒಪ್ಪಿಗೆ ಕೊಟ್ಟಿಲ್ಲ, ನಿಮ್ಮ ದುಡ್ಡನ್ನು ಓನರ್ ಹತ್ತಿರವೇ ಕೇಳಿ ಅಂದರು. ಓನರ್ 2 ಲಕ್ಷ ಕೊಟ್ಟು ಫೋನ್ ಎತ್ತುವುದನ್ನು ನಿಲ್ಲಿಸಿದರು. ಉಳಿದ 7 ಲಕ್ಷಕ್ಕೆ ಇವತ್ತಿಗೂ ಸಿವಿಲ್ ಕೋರ್ಟಿಗೆ ಅಲೆಯುತ್ತಿದ್ದೇನೆ.

ಬಾಡಿಗೆ ಕೊಡುವುದು ದಂಡ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ತಿಂಗಳಿಗೆ 26 ಸಾವಿರ ಅಂದರೆ ವರ್ಷಕ್ಕೆ 3 ಲಕ್ಷ 12 ಸಾವಿರ. ನಿಮ್ಮ 15 ಲಕ್ಷವನ್ನು ಓನರ್ ಶೇ. 7ರ ಬಡ್ಡಿಗೆ ಎಫ್‌ಡಿ ಇಟ್ಟರೆ ವರ್ಷಕ್ಕೆ ಬರುವುದು 1 ಲಕ್ಷ 5 ಸಾವಿರ. ಮೂರು ಲಕ್ಷ ಬಿಟ್ಟು ಒಂದು ಲಕ್ಷದ ಲಾಭಕ್ಕೆ ಯಾರಾದರೂ ಮನೆ ಕೊಡುತ್ತಾರಾ? ಅವರಿಗೆ ಈಗಲೇ ದೊಡ್ಡ ಗಂಟು ಬೇಕಾಗಿದೆ. ಯಾಕೆ ಬೇಕಾಗಿದೆ ಅಂತ ಮೊದಲು ತಿಳಿದುಕೊಳ್ಳಿ.

ನನ್ನನ್ನು ಕೇಳಿದರೆ ಬಾಡಿಗೆಗೇ ಇರಿ. ಅಗ್ರಿಮೆಂಟ್‌ನಲ್ಲಿ ಎಷ್ಟು ಪರ್ಸೆಂಟ್ ಏರಿಸಬಹುದು ಅಂತ ಬರೆದಿದೆಯೋ ಅದನ್ನು ತೋರಿಸಿ ಮಾತಾಡಿ, ಒಪ್ಪದಿದ್ದರೆ ಇನ್ನೂ ಸ್ವಲ್ಪ ದೂರದಲ್ಲಿ ಮನೆ ನೋಡಿ. ಅದಕ್ಕೂ ಮುಂಚೆ ಇವತ್ತೇ ಒರಿಜಿನಲ್ ಪತ್ರ ತೋರಿಸಿ ಅಂತ ಕೇಳಿ, ನಾಚಿಕೆ ಪಡಬೇಡಿ. ಏನಂದರು ಅಂತ ಇಲ್ಲಿ ಬರೆಯಿರಿ.