ಸೋಚಿಮಿಲ್ಕೊ ಕಾಲುವೆಯಲ್ಲಿ ತಂದೆಯವರ ಅರವತ್ತರ ಸಂಭ್ರಮ: ದೋಣಿ ವಿಹಾರಕ್ಕೆ ಹೇಗೆ ಸಿದ್ಧವಾಗಬೇಕು?

ಮೈಸೂರಿನಲ್ಲಿ ತಂದೆಯವರ ಅರವತ್ತರ ಶಾಂತಿ ಮುಗಿಸಿಕೊಂಡು ತಂದೆತಾಯಿ ಅಕ್ಟೋಬರ್ ಕೊನೆಯ ವಾರದಲ್ಲಿ ಮೆಕ್ಸಿಕೊ ಸಿಟಿಗೆ ಬರುತ್ತಿದ್ದಾರೆ, ಇಲ್ಲಿನ ಸ್ನೇಹಿತರ ಕುಟುಂಬಗಳೂ ಸೇರಿ ಒಟ್ಟು 14 ಜನ, ಅವರಲ್ಲಿ ಮೂವರು ಮಕ್ಕಳು, ತಾಯಿಯವರಿಗೆ ಮಂಡಿನೋವು, ಅರ್ಧಕ್ಕಿಂತ ಹೆಚ್ಚು ಮಂದಿ ಸಸ್ಯಾಹಾರಿಗಳು ಎಂದು ಬರೆದಿದ್ದೀರಿ. ನಗರದ ಕಾಲುವೆಗಳ ಪ್ರದೇಶವಾದ ಸೋಚಿಮಿಲ್ಕೊದ ಬಣ್ಣದ ದೋಣಿಯಲ್ಲಿ ಒಂದು ದಿನ ಸಂತೋಷವಾಗಿ ಕಳೆಯಬೇಕು. ಯಾವ ಕಟ್ಟೆಯಿಂದ ಹೊರಡಬೇಕು, ಎಷ್ಟು ಹೊತ್ತು ಬೇಕು, ಊಟಕ್ಕೆ ಏನು, ಹಣದ ವಿಚಾರದಲ್ಲಿ ಮೋಸ ಹೋಗದಿರುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ನಾನು ಒಂಬತ್ತು ವರ್ಷಗಳಿಂದ ಈ ನಗರದಲ್ಲಿದ್ದೇನೆ. ಊರಿನಿಂದ ಬಂದ ನೆಂಟರನ್ನೂ ಗೆಳೆಯರನ್ನೂ ಅನೇಕ ಬಾರಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ, ಮಗಳ ಮೊದಲ ಹುಟ್ಟುಹಬ್ಬವನ್ನೂ ಅದೇ ಕಾಲುವೆಯಲ್ಲಿ ಆಚರಿಸಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ವಾರದ ನಡುವಿನ ಒಂದು ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಕ್ವೆಮಾಂಕೊ ಕಟ್ಟೆಯಿಂದ, ನಾಲ್ಕು ಗಂಟೆಯ ಅವಧಿಗೆ ದೋಣಿ ಹಿಡಿಯಿರಿ. ಮೊದಲ ಮೂರು ಗಂಟೆಯನ್ನು ತೋಟಗಳಿಗೂ ನೀರಿಗೂ ಬಿಟ್ಟುಕೊಟ್ಟು, ಹಾಡು ಮತ್ತು ವಾದ್ಯವನ್ನು ಕೊನೆಯ ಗಂಟೆಗೆ ಇಟ್ಟುಕೊಳ್ಳಿ.

ಕಟ್ಟೆಯ ಆಯ್ಕೆಯಿಂದ ಆರಂಭಿಸುತ್ತೇನೆ, ಏಕೆಂದರೆ ಬಹಳ ಜನ ಎಡವುವುದು ಅಲ್ಲಿಯೇ. ದೋಣಿ ಹತ್ತುವ ಸ್ಥಳವನ್ನು ಇಲ್ಲಿ ಎಂಬಾರ್ಕಾದೇರೊ ಎನ್ನುತ್ತಾರೆ. ಸೋಚಿಮಿಲ್ಕೊದಲ್ಲಿ ಇಂಥ ಕಟ್ಟೆಗಳು ಹಲವಾರಿವೆ. ಪ್ರವಾಸಿಗರು ಹೆಚ್ಚಾಗಿ ಕೇಳುವ ಎರಡು ಹೆಸರುಗಳು ನತಿವಿತಾಸ್ ಮತ್ತು ಕ್ವೆಮಾಂಕೊ. ನತಿವಿತಾಸ್ ಎಂದರೆ ಜಾತ್ರೆ. ನೂರಾರು ದೋಣಿಗಳು, ಮರಿಯಾಚಿ ಎಂಬ ಹಾಡು ವಾದ್ಯದ ಮೇಳಗಳು, ಹೂ ಮಾರುವವರು, ಮುಸುಕಿನ ಜೋಳದ ತೆನೆ ಮಾರುವವರು ಎಲ್ಲರೂ ಒಂದೇ ಅಗಲವಾದ ಕಾಲುವೆಯಲ್ಲಿ ಸೇರಿರುತ್ತಾರೆ. ಶನಿವಾರ ಮತ್ತು ಭಾನುವಾರ ಮಧ್ಯಾಹ್ನದ ಹೊತ್ತಿಗೆ ದೋಣಿಗೆ ದೋಣಿ ತಾಗಿ ಮುಂದೆ ಸರಿಯುವುದೇ ಕಷ್ಟವಾಗುತ್ತದೆ. ಕ್ವೆಮಾಂಕೊ ಕಟ್ಟೆ 1968ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ದೋಣಿ ಸ್ಪರ್ಧೆಯ ಕಾಲುವೆಯ ಪಕ್ಕದಲ್ಲಿದೆ. ಅಲ್ಲಿಂದ ಹೊರಟರೆ ಸಂರಕ್ಷಿತ ವಲಯದ ಕಡೆಗೆ, ಇಂದಿಗೂ ಬೇಸಾಯ ನಡೆಯುತ್ತಿರುವ ತೋಟಗಳ ನಡುವಿಗೆ ಹೋಗಬಹುದು. ಇಪ್ಪತ್ತರ ಹರೆಯದ ಗೆಳೆಯರ ಗುಂಪಾಗಿದ್ದರೆ ಎರಡು ಗಂಟೆ ನತಿವಿತಾಸ್‌ನಲ್ಲಿ ಕಳೆಯಿರಿ ಎನ್ನುತ್ತಿದ್ದೆ. ಹಿರಿಯರು ಮತ್ತು ಮಕ್ಕಳಿರುವ ನಿಮ್ಮ ಗುಂಪಿಗೆ ಕ್ವೆಮಾಂಕೊ ಸರಿ.

ಅಲ್ಲಿ ನೋಡುವುದೇನು ಎಂಬುದನ್ನು ತಂದೆಯವರಿಗೆ ಮೊದಲೇ ತಿಳಿಸಿದರೆ ಅವರ ಸಂತೋಷ ಇಮ್ಮಡಿಯಾಗುತ್ತದೆ. ಇಲ್ಲಿಯ ಮೂಲನಿವಾಸಿಗಳ ನಹುವಾತ್ಲ್ ಭಾಷೆಯಲ್ಲಿ ಸೋಚಿಮಿಲ್ಕೊ ಎಂದರೆ ಹೂದೋಟಗಳ ಸ್ಥಳ. ಆಳವಿಲ್ಲದ ಕೆರೆಯಲ್ಲಿ ಸೊಪ್ಪುಸದೆಯನ್ನೂ ತಳದ ಕೆಸರನ್ನೂ ಪದರ ಪದರವಾಗಿ ಪೇರಿಸಿ, ಅಂಚಿನಲ್ಲಿ ಅವೆಹೋತೆ ಎಂಬ ನೀಳವಾದ ಮರಗಳನ್ನು ನೆಟ್ಟು, ಅವುಗಳ ಬೇರಿನಿಂದ ದಡವನ್ನು ಹಿಡಿದು ನಿಲ್ಲಿಸಿ ಮಾಡಿದ ಗದ್ದೆಗಳೇ ಚಿನಾಂಪಾಗಳು. ಅವುಗಳ ನಡುವೆ ಉಳಿದ ನೀರಿನ ದಾರಿಗಳೇ ನೀವು ಸಾಗುವ ಕಾಲುವೆಗಳು. ಅನೇಕರು ಇವನ್ನು ತೇಲುವ ತೋಟಗಳೆಂದು ಬರೆಯುತ್ತಾರೆ, ಅದು ಸರಿಯಲ್ಲ, ಇವು ಕೆರೆಯ ತಳಕ್ಕೆ ಕಚ್ಚಿಕೊಂಡು ನಿಂತ ಗಟ್ಟಿ ನೆಲ. ಸ್ಪೇನಿನವರು ಬರುವುದಕ್ಕೂ ಮೊದಲಿನ ಈ ಬೇಸಾಯ ಪದ್ಧತಿಯ ಕಾರಣದಿಂದ ಸೋಚಿಮಿಲ್ಕೊವನ್ನು ಮೆಕ್ಸಿಕೊ ಸಿಟಿಯ ಹಳೆಯ ಕೇಂದ್ರಭಾಗದೊಂದಿಗೆ 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಮ್ಮೆ ನಮ್ಮ ದೋಣಿ ಒಂದು ಚಿನಾಂಪಾದ ಬಳಿ ನಿಂತಾಗ ಅಲ್ಲಿಯ ರೈತ ಸಸಿಮಡಿ ಮಾಡುತ್ತಿದ್ದ. ಕಾಲುವೆಯ ತಳದಿಂದ ಎತ್ತಿದ ಕಪ್ಪು ಕೆಸರನ್ನು ನೆಲದ ಮೇಲೆ ಅಂಗೈ ದಪ್ಪಕ್ಕೆ ಹರಡಿ, ಅದು ಸ್ವಲ್ಪ ಬಿಗಿಯಾದ ಮೇಲೆ, ನಮ್ಮಲ್ಲಿ ತಟ್ಟೆಗೆ ಸುರಿದ ಬರ್ಫಿಯನ್ನು ಕತ್ತರಿಸುವ ಹಾಗೆ ಉದ್ದಕ್ಕೂ ಅಡ್ಡಕ್ಕೂ ಚಾಕುವಿನಿಂದ ಗೀರಿ ಚಿಕ್ಕ ಚಿಕ್ಕ ಚೌಕಗಳನ್ನು ಮಾಡಿದ. ಪ್ರತಿ ಚೌಕದ ನಡುವೆ ಬೆರಳಿನಿಂದ ಒಂದು ಕುಳಿ ಒತ್ತಿ, ಒಂದೊಂದು ಬೀಜ ಹಾಕಿ, ಮೇಲೆ ಪುಡಿಗೊಬ್ಬರ ಉದುರಿಸಿದ. ಮೊಳಕೆ ಬಂದ ಮೇಲೆ ಬೇರಿಗೆ ನೋವಾಗದಂತೆ ಆ ಚೌಕವನ್ನೇ ಎತ್ತಿ ಗದ್ದೆಯಲ್ಲಿ ಇಡುತ್ತಾರಂತೆ. ಅದಕ್ಕೆ ಚಪೀನ್ ಎಂದು ಹೆಸರು. ನನ್ನ ಮಾವನವರು ಕೃಷಿಕರು, ಅಂದು ಅವರು ದೋಣಿಯಿಂದ ಇಳಿದು ಅರ್ಧ ಗಂಟೆ ಆತನ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತುಬಿಟ್ಟರು. ಭಾಷೆ ಬಾರದ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿದರು. ಇಂಥ ಭೇಟಿ ನಿಮಗೂ ಬೇಕಿದ್ದರೆ ದೋಣಿ ಗೊತ್ತುಮಾಡುವಾಗಲೇ, ಬೇಸಾಯ ನಡೆಯುತ್ತಿರುವ ಒಂದು ಚಿನಾಂಪಾದಲ್ಲಿ ಇಳಿಯಬೇಕು ಎಂದು ಸ್ಪಷ್ಟವಾಗಿ ಹೇಳಿ.

ನೀವು ಆರಿಸಿಕೊಂಡ ಕಾಲವೂ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಜೋರು ಮಳೆ ಸಾಮಾನ್ಯ. ಅಕ್ಟೋಬರ್ ಕೊನೆಗೆ ಅದು ಇಳಿಮುಖವಾಗಿರುತ್ತದೆ. ಅಗಲಿದವರನ್ನು ನೆನೆಯುವ ನವೆಂಬರ್ 1 ಮತ್ತು 2ರ ಹಬ್ಬಕ್ಕಾಗಿ ಆ ವಾರಗಳಲ್ಲಿ ಸೋಚಿಮಿಲ್ಕೊ ಪ್ರದೇಶದ ಬೆಳೆಗಾರರ ಬಳಿ ಸೆಂಪಸೂಚಿಲ್ ಹೂವಿನ ಕುಂಡಗಳು ಸಾಲುಸಾಲಾಗಿ ಸಿದ್ಧವಾಗಿರುತ್ತವೆ. ಅದು ಬೇರೇನೂ ಅಲ್ಲ, ನಮ್ಮ ಚೆಂಡು ಹೂವೇ. ಆಯುಧಪೂಜೆಗೆ ನಾವು ಬಾಗಿಲಿಗೂ ವಾಹನಕ್ಕೂ ಕಟ್ಟುವ ಆ ಹೂವಿನ ಮೂಲ ನೆಲ ಮೆಕ್ಸಿಕೊ. ದಸರೆ ಮುಗಿಸಿ ಬರುವ ನಿಮ್ಮ ತಾಯಿಯವರಿಗೆ ಆ ಹೊನ್ನಬಣ್ಣದ ಸಾಲುಗಳನ್ನು ತೋರಿಸದೆ ಕಳುಹಿಸಬೇಡಿ. ಕ್ವೆಮಾಂಕೊ ಕಟ್ಟೆಯ ಹತ್ತಿರವೇ ದೊಡ್ಡ ಸಸ್ಯಮಾರುಕಟ್ಟೆ ಇದೆ, ಮರಳುವಾಗ ಅಲ್ಲಿ ಇಳಿದರೂ ಸಾಕು. ಆದರೆ ಹಬ್ಬದ ಆ ಎರಡು ದಿನ ಮತ್ತು ಹಿಂದುಮುಂದಿನ ವಾರಾಂತ್ಯಗಳಲ್ಲಿ ಜನಸಂದಣಿ ವಿಪರೀತ, ಆದ್ದರಿಂದ ಅವನ್ನು ಬಿಟ್ಟು ಮಂಗಳವಾರದಿಂದ ಗುರುವಾರದೊಳಗಿನ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿ. ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಹಿರಿಯರು ವಿಮಾನದಿಂದ ಇಳಿದ ಮೇಲೆ ಎರಡು ಮೂರು ದಿನವಾದರೂ ವಿಶ್ರಾಂತಿ ಪಡೆಯಲಿ.

ದೋಣಿಯ ವಿಚಾರಕ್ಕೆ ಬರೋಣ. ಇದರ ಹೆಸರು ತ್ರಾಹಿನೇರಾ. ಚಪ್ಪಟೆ ತಳ, ಮೇಲೆ ಮಾಡು, ನಡುವೆ ಉದ್ದನೆಯ ಮೇಜು, ಎರಡೂ ಕಡೆ ಬಣ್ಣ ಬಳಿದ ಕುರ್ಚಿಗಳು, ಮುಂಭಾಗದಲ್ಲಿ ಹೆಸರು ಬರೆದ ಅಲಂಕೃತ ಕಮಾನು. ಯಂತ್ರವಿಲ್ಲ, ಅಂಬಿಗ ತುದಿಯಲ್ಲಿ ನಿಂತು ಉದ್ದನೆಯ ಮರದ ಗಳವನ್ನು ಕೆಸರಿಗೆ ಊರಿ ಇಡೀ ದೋಣಿಯನ್ನು ತಳ್ಳುತ್ತಾನೆ. 14 ಜನ ಒಂದೇ ದೋಣಿಯಲ್ಲಿ ಆರಾಮವಾಗಿ ಕುಳಿತುಕೊಳ್ಳಬಹುದು, ಎರಡು ಬೇಡ. ಬಾಡಿಗೆ ತಲೆಗಿಷ್ಟು ಎಂದಲ್ಲ, ಇಡೀ ದೋಣಿಗೆ ಗಂಟೆಗಿಷ್ಟು ಎಂದು. ಅಧಿಕೃತ ದರವನ್ನು ಕಟ್ಟೆಯ ಫಲಕದಲ್ಲಿ ಬರೆದಿರುತ್ತಾರೆ. ಅದನ್ನು ಓದದೆ ಮಾತು ಆರಂಭಿಸಬೇಡಿ. ನನ್ನ ಮೊದಲ ಸಲದ ಅನುಭವ ಕಹಿಯಾಗಿತ್ತು. ಮುಖ್ಯರಸ್ತೆಯಲ್ಲಿ ಸೈಕಲ್ ಮೇಲಿದ್ದ ಒಬ್ಬಾತ ನಮ್ಮ ಕಾರನ್ನು ನಿಲ್ಲಿಸಿ, ನೀವು ಹೋಗಬೇಕಾದ ಕಟ್ಟೆ ಇಂದು ಮುಚ್ಚಿದೆ ಎಂದು ನಂಬಿಸಿ, ಬೇರೊಂದು ಕಡೆಗೆ ಕರೆದೊಯ್ದು, ತಲೆಗಿಷ್ಟು ಎಂಬ ಲೆಕ್ಕದಲ್ಲಿ ಫಲಕದ ದರದ ಎರಡರಷ್ಟಕ್ಕೂ ಹೆಚ್ಚು ಹಣ ಪಡೆದ. ದಾರಿಯಲ್ಲಿ ಕೈ ಬೀಸುವ ಯಾರ ಮಾತನ್ನೂ ಕೇಳದೆ ನಕ್ಷೆಯಲ್ಲಿ ಎಂಬಾರ್ಕಾದೇರೊ ಕ್ವೆಮಾಂಕೊ ಎಂದು ಹಾಕಿ ನೇರವಾಗಿ ಅಲ್ಲಿಗೇ ಹೋಗಿ. ಗಂಟೆಯ ದರ, ಒಟ್ಟು ಗಂಟೆ, ಎಲ್ಲೆಲ್ಲಿ ನಿಲ್ಲುವುದು, ಈ ಮೂರನ್ನೂ ಹತ್ತುವ ಮೊದಲೇ ಒಪ್ಪಿಸಿ, ಹೊರಟ ಸಮಯವನ್ನು ಅಂಬಿಗನಿಗೆ ಗಡಿಯಾರದಲ್ಲಿ ತೋರಿಸಿ. ನಗದು ತೆಗೆದುಕೊಂಡು ಹೋಗಿ, ಚಿಲ್ಲರೆಯೂ ಇರಲಿ. ನಾಲ್ಕು ಗಂಟೆ ಗಳ ಊರುವುದು ಮೈಮುರಿಯುವ ಕೆಲಸ. ಅಂಬಿಗನಿಗೆ ಕೊನೆಯಲ್ಲಿ ಧಾರಾಳವಾಗಿ ಇನಾಮು ಕೊಡಿ, ನಿಮ್ಮ ಊಟದಲ್ಲಿ ಅವನಿಗೂ ಒಂದು ತಟ್ಟೆ ಬಡಿಸಿ.

ನಗರದ ಮಧ್ಯದಿಂದ ಮೆಟ್ರೊ 2ನೇ ಮಾರ್ಗದಲ್ಲಿ ತಸ್ಕೇನ್ಯಾದವರೆಗೆ ಹೋಗಿ, ಅಲ್ಲಿಂದ ತ್ರೇನ್ ಲಿಹೇರೊ ಎಂಬ ಚಿಕ್ಕ ರೈಲಿನಲ್ಲಿ ಸೋಚಿಮಿಲ್ಕೊ ನಿಲ್ದಾಣ ತಲುಪಬಹುದು. ಅಗ್ಗದ ದಾರಿ, ಆದರೆ ಮಂಡಿನೋವಿರುವವರಿಗೆ ಹತ್ತಿಳಿಯುವುದು ಕಷ್ಟ, ಕ್ವೆಮಾಂಕೊಗೆ ಅಲ್ಲಿಂದ ಮತ್ತೆ ವಾಹನ ಬೇಕು. ಮನೆಯಿಂದಲೇ ಟ್ಯಾಕ್ಸಿ ಮಾಡಿ.

ತಾಯಿಯವರ ಮಂಡಿಗಾಗಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಿ. ಕಟ್ಟೆಯಲ್ಲಿ ದೋಣಿಗಳನ್ನು ಒಂದರ ಪಕ್ಕಕ್ಕೊಂದು ಕಟ್ಟಿರುತ್ತಾರೆ, ಎಷ್ಟೋ ಸಲ ನಮ್ಮ ದೋಣಿಗೆ ಹೋಗಲು ಬೇರೆ ಎರಡು ಮೂರು ದೋಣಿಗಳನ್ನು ದಾಟಬೇಕಾಗುತ್ತದೆ. ದೋಣಿಯನ್ನು ದಡಕ್ಕೆ ತಾಗಿಸಿ ನಿಲ್ಲಿಸುವಂತೆ ಕೇಳಿಕೊಳ್ಳಿ, ಅವರು ಬೇಸರವಿಲ್ಲದೆ ಮಾಡಿಕೊಡುತ್ತಾರೆ. ಕುರ್ಚಿಗೆ ಒಂದು ದಿಂಬು ತನ್ನಿ. ದೋಣಿಯಲ್ಲಿ ಶೌಚಾಲಯವಿಲ್ಲ; ದಡದಲ್ಲಿ ಅಲ್ಲಲ್ಲಿ ಕೆಲವು ಪೇಸೊ ಕೊಟ್ಟು ಬಳಸುವ ಶೌಚಾಲಯಗಳಿವೆ, ಹಿರಿಯರು ಸಂಕೋಚಪಟ್ಟು ನೀರು ಕುಡಿಯುವುದನ್ನೇ ಬಿಡದಂತೆ ನೋಡಿಕೊಳ್ಳಿ. ಮಕ್ಕಳಿಗೆ ಜೀವರಕ್ಷಕ ಕವಚವನ್ನು ಕೇಳಿ ಪಡೆದು ತೊಡಿಸಿ, ಅಂಚಿನಿಂದ ಹೊರಗೆ ಕೈ ಚಾಚಲು ಬಿಡಬೇಡಿ, ಏಕೆಂದರೆ ಎರಡು ದೋಣಿಗಳ ನಡುವೆ ಬೆರಳು ಸಿಕ್ಕಿಕೊಂಡರೆ ಪುಡಿಯಾಗುತ್ತದೆ. 2019ರಲ್ಲಿ ಯುವಕನೊಬ್ಬ ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟಲು ಹೋಗಿ ನೀರಿಗೆ ಬಿದ್ದು ಮುಳುಗಿ ತೀರಿಕೊಂಡ. ಅದಾದ ಮೇಲೆ ಮದ್ಯಕ್ಕೆ ಮಿತಿಯನ್ನೂ ಸುರಕ್ಷತೆಯ ನಿಯಮಗಳನ್ನೂ ತಂದರು. ಕಾಲುವೆಯ ನೀರಿನಲ್ಲಿ ಕೈಯಾಡಿಸುವುದೂ ಬೇಡ. ಇಲ್ಲಿಯ ಊಟೆಗಳ ನೀರನ್ನು ಇಪ್ಪತ್ತನೆಯ ಶತಮಾನದ ಆರಂಭದಿಂದ ನಗರಕ್ಕೆ ಸಾಗಿಸುತ್ತ ಬಂದು, ಅವು ಬತ್ತಿದ ಮೇಲೆ, ಈಗ ಕಾಲುವೆಗಳಿಗೆ ಬಹುಪಾಲು ಸಂಸ್ಕರಿಸಿದ ಕೊಳಚೆ ನೀರನ್ನೇ ಹರಿಸುತ್ತಾರೆ.

ಊಟದ ಬಗ್ಗೆ ನನ್ನ ಸಲಹೆ ಎಂದರೆ ಮುಖ್ಯ ಊಟವನ್ನು ಮನೆಯಿಂದ ಒಯ್ಯಿರಿ. ಇಲ್ಲಿಯ ಕುಟುಂಬಗಳೂ ಪಾತ್ರೆಗಟ್ಟಲೆ ಅಡುಗೆ ತಂದು ದೋಣಿಯ ಮೇಜಿನ ಮೇಲೆ ಹರಡಿಕೊಂಡು ತಿನ್ನುತ್ತವೆ, ಅದು ಇಲ್ಲಿಯ ರೂಢಿಯೇ. ನಾವು ಪುಳಿಯೋಗರೆ, ಮೊಸರನ್ನ, ಚಪಾತಿ ಪಲ್ಯ ಒಯ್ಯುತ್ತೇವೆ. ಜೊತೆಗೆ ಒಲೆ ಇಟ್ಟುಕೊಂಡ ಚಿಕ್ಕ ದೋಣಿಗಳು ಪಕ್ಕಕ್ಕೆ ಬಂದು ನಿಲ್ಲುತ್ತವೆ, ಅವರಿಂದಲೂ ಬಿಸಿಬಿಸಿಯಾಗಿ ಏನಾದರೂ ತೆಗೆದುಕೊಳ್ಳಿ. ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳವನ್ನು ರುಬ್ಬಿ ತಟ್ಟಿದ ಹಿಟ್ಟಿನಲ್ಲಿ ಕುಂಬಳದ ಹೂವನ್ನೂ ಗಿಣ್ಣನ್ನೂ (ಚೀಸ್) ಇಟ್ಟು ಮಡಿಚಿ ಕಾಯಿಸಿದ ಕೆಸದಿಯಾ ನಮ್ಮವರಿಗೆ ತುಂಬ ಹಿಡಿಸುತ್ತದೆ. ಈ ನಗರದಲ್ಲಿ ಕೆಸದಿಯಾ ಎಂದರೆ ಗಿಣ್ಣು ಇದ್ದೇ ಇರುತ್ತದೆ ಎಂದಲ್ಲ, ಬೇಕಿದ್ದರೆ ‘ಕೋನ್ ಕೇಸೊ’ ಎಂದು ಕೇಳಬೇಕು. ಬೇಳೆಕಾಳು ತುಂಬಿದ ತ್ಲಾಕೋಯೊ ನೋಡಲು ಶುದ್ಧ ಸಸ್ಯಾಹಾರದಂತೆ ಕಂಡರೂ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸಿರುವುದುಂಟು. ‘ಸಿನ್ ಮಾಂತೇಕಾ’ (ಹಂದಿಯ ಕೊಬ್ಬು ಇಲ್ಲದೆ) ಎಂಬ ಎರಡು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಬೇಯಿಸಿದ ಜೋಳದ ತೆನೆಗೆ ನಿಂಬೆ, ಉಪ್ಪು, ಖಾರದಪುಡಿ ಮಾತ್ರ ಸವರಿಸಿಕೊಳ್ಳಿ, ಮಯೋನೀಸ್‌ನಲ್ಲಿ ಮೊಟ್ಟೆ ಇರುತ್ತದೆ.

ಬೊಂಬೆಗಳ ದ್ವೀಪಕ್ಕೆ ಹೋಗೋಣವೇ ಎಂದೂ ಕೇಳಿದ್ದೀರಿ. ದಾನ್ ಹುಲಿಯಾನ್ ಸಂತಾನಾ ಬಾರೇರಾ ಎಂಬವರು ಮರಗಳಿಗೆ ಹಳೆಯ ಬೊಂಬೆಗಳನ್ನು ಕಟ್ಟುತ್ತ ಬಾಳಿದ ಜಾಗ ಅದು. ಅವರು 2001ರಲ್ಲಿ ತೀರಿಕೊಂಡರು. ಕೈಕಾಲು ಮುರಿದ ಆ ಬೊಂಬೆಗಳು ನಿಮ್ಮ ಮಕ್ಕಳನ್ನು ಹೆದರಿಸುತ್ತವೆ, ದಾರಿಯೂ ದೂರ, ಹತ್ತಿರದಲ್ಲಿ ಅದರ ನಕಲುಗಳನ್ನೂ ಮಾಡಿಟ್ಟಿದ್ದಾರೆ. ಅದನ್ನು ಬಿಟ್ಟುಬಿಡಿ. ಮಕ್ಕಳಿಗೆ ಅಹೋಲೋತೆ (ಆಕ್ಸೊಲಾಟಲ್) ಎಂಬ ಉಭಯಚರವನ್ನು ತೋರಿಸಿ. ಕತ್ತಿನ ಎರಡೂ ಕಡೆ ಗರಿಯಂಥ ಕಿವಿರುಗಳಿರುವ, ಕಡಿದುಹೋದ ಕಾಲನ್ನು ಮತ್ತೆ ಬೆಳೆಸಿಕೊಳ್ಳಬಲ್ಲ ಈ ಜೀವಿ, ತನ್ನ ಸಹಜ ನೆಲೆಯಲ್ಲಿ ಉಳಿದಿರುವುದು ಈ ಕಾಲುವೆಗಳಲ್ಲಿಯೇ. 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು, 2014ರ ಎಣಿಕೆಯಲ್ಲಿ ಸುಮಾರು 36ಕ್ಕೆ ಇಳಿದಿದ್ದವು. ಕೆಟ್ಟ ನೀರು ಒಂದು ಕಾರಣ, ಹೊರಗಿನಿಂದ ತಂದುಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳು ಇನ್ನೊಂದು. ಈ ಅಂಕಿಗಳನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೆಲವು ಚಿನಾಂಪಾಗಳಲ್ಲಿ ಅವನ್ನು ತೊಟ್ಟಿಯಲ್ಲಿ ಸಾಕಿ ತೋರಿಸುತ್ತಾರೆ. ಕೈಗೆತ್ತಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಮೆಕ್ಸಿಕೊದ 50 ಪೇಸೊ ನೋಟಿನ ಮೇಲೆ ಇದರದೇ ಚಿತ್ರವಿದೆ, ಮಕ್ಕಳ ಕೈಗೆ ಒಂದೊಂದು ನೋಟು ಕೊಟ್ಟು ಹೋಲಿಸಿ ನೋಡಲು ಹೇಳಿ.

ಇನ್ನು ಸಂಭ್ರಮದ ಭಾಗ. ವಾರದ ದಿನ ಕ್ವೆಮಾಂಕೊದಲ್ಲಿ ವಾದ್ಯದವರು ಕಡಿಮೆ ಇರುವುದರಿಂದ ಮರಿಯಾಚಿ ಮೇಳವನ್ನು ದೋಣಿಯವರ ಮೂಲಕ ಮೊದಲೇ ಗೊತ್ತುಮಾಡಿ, ಮರಳುವ ಹೊತ್ತಿಗೆ ಬಂದು ಸೇರಿಕೊಳ್ಳಲು ಹೇಳಿ. ಹಾಡಿಗಿಷ್ಟು ಎಂದು ದರ. ಐದಾರು ಹಾಡು ಸಾಕು, ಎಣಿಕೆಯನ್ನೂ ಮೊತ್ತವನ್ನೂ ಮೊದಲ ಹಾಡಿಗೆ ಮುಂಚೆಯೇ ನಿಗದಿ ಮಾಡಿ. ಇಲ್ಲಿ ಹುಟ್ಟುಹಬ್ಬಕ್ಕೆ ಹಾಡುವ ಸಾಂಪ್ರದಾಯಿಕ ಗೀತೆ ‘ಲಾಸ್ ಮನ್ಯಾನೀತಾಸ್’. ತಂದೆಯವರ ಹೆಸರನ್ನು ಹೇಳಿಕೊಟ್ಟರೆ ಅವರ ಕಡೆಗೆ ತಿರುಗಿ ನಿಂತು ಹಾಡುತ್ತಾರೆ.

ಹಿಂದೆ ಕಮಾನುಗಳನ್ನು ನಿಜವಾದ ಹೂಗಳಿಂದ ಕಟ್ಟುತ್ತಿದ್ದರು, ಈಗ ಹೆಚ್ಚಿನವು ಬಣ್ಣ ಬಳಿದವು. ಆದರೂ ನಾಲ್ಕೈದು ದಿನ ಮೊದಲು ತಿಳಿಸಿ, ಬೇರೆ ಹಣ ಕೊಟ್ಟರೆ, ನಿಮಗೆ ಬೇಕಾದ ಹೆಸರನ್ನು ಕಮಾನಿನ ಮೇಲೆ ಹಾಕಿಕೊಡುತ್ತಾರೆ. ಮಗಳ ಹುಟ್ಟುಹಬ್ಬದಂದು ನಾನು ಅವಳ ಹೆಸರನ್ನು ದೊಡ್ಡ ಕಾಗದದಲ್ಲಿ ಕನ್ನಡದಲ್ಲಿ ಬರೆದು ಕೊಟ್ಟಿದ್ದೆ. ಕೆಲಸಗಾರ ಅದನ್ನು ಎರಡು ಸಲ ತಿರುಗಿಸಿ ನೋಡಿ, ಯಾವ ಕಡೆ ಮೇಲೆ ಎಂದು ಕೇಳಿ, ಒತ್ತು ಇಳಿ ಯಾವುದನ್ನೂ ಬಿಡದೆ ಹಳದಿ ಹೂಗಳಲ್ಲಿ ಹಾಗೆಯೇ ಮೂಡಿಸಿದ. ನೀವೂ ತಂದೆತಾಯಿ ಇಬ್ಬರ ಹೆಸರನ್ನೂ ಒಂದೊಂದು ಅಕ್ಷರ ಅಂಗೈಯಗಲ ಬರುವಂತೆ ದಪ್ಪಗೆ ಬರೆದು, ಮೇಲ್ಭಾಗಕ್ಕೆ ಒಂದು ಬಾಣದ ಗುರುತು ಹಾಕಿ, ದೋಣಿ ಗೊತ್ತುಮಾಡಲು ಹೋಗುವ ದಿನವೇ ಕೊಟ್ಟು ಬನ್ನಿ.