ಹಣ ಮಗಳ ಕೈಯಲ್ಲೇ ಇರಲಿ

ಐದನೆಯ ತರಗತಿಗೆ ಹೋಗಲಿರುವ ಮಗಳು ಚಿತ್ರವಿರುವ ದುಬಾರಿ ಬ್ಯಾಗೇ ಬೇಕೆಂದು ಹಟ ಹಿಡಿದಿದ್ದಾಳೆ, ಎರಡು ಸಾವಿರ ರೂಪಾಯಿಯಲ್ಲಿ ಎಲ್ಲ ಮುಗಿಸಬೇಕೆಂದು ಹೇಗೆ ತಿಳಿಹೇಳಲಿ ಎಂದು ಕೇಳಿದ್ದೀರಿ. ತಿಳಿಹೇಳಬೇಡಿ. ಆ ಎರಡು ಸಾವಿರವನ್ನು ನೋಟುಗಳಲ್ಲಿಯೇ ಅವಳ ಕೈಗೆ ಕೊಡಿ. ಮೊಬೈಲ್‌ನಲ್ಲಿ ಪಾವತಿಸಿದರೆ ಹಣ ಕರಗುವುದು ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ.

ಪೇಟೆಗೆ ಹೊರಡುವ ಮುನ್ನ ಮನೆಯಲ್ಲಿ ಏನೇನಿದೆ ಎಂದು ಅವಳಿಂದಲೇ ಪಟ್ಟಿ ಮಾಡಿಸಿ. ಹಳೆಯ ನೋಟ್‌ಪುಸ್ತಕಗಳ ಖಾಲಿ ಹಾಳೆ ಬಿಡಿಸಿ ಹೊಲಿದರೆ ರಫ್ ಪುಸ್ತಕಕ್ಕೆ ಸಾಕು. ನಮ್ಮ ಕರಾವಳಿಯಲ್ಲಿ ಶಾಲೆಯೂ ಮಳೆಯೂ ಒಟ್ಟೊಟ್ಟಿಗೇ ಶುರುವಾಗುವುದರಿಂದ ಕೊಡೆ, ರೈನ್‌ಕೋಟ್, ಮಳೆಗಾಲದ ಚಪ್ಪಲಿಯ ಹಣವನ್ನು ಮೊದಲೇ ತೆಗೆದಿಡಬೇಕು. ಹಳೆಯ ಕೊಡೆಯನ್ನು ಬಿಡಿಸಿ ನೋಡಲಿ. ಕಡ್ಡಿಯ ಹೊಲಿಗೆ ಬಿಟ್ಟಿದ್ದರೆ ಸೂಜಿದಾರ ಸಾಕು, ಹೊಸದು ಬೇಡ.

ನನ್ನ ಮಗನಿಗೂ ಹೀಗೆಯೇ ಮಾಡಿದ್ದೆ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಎರಡು ಬ್ಯಾಗ್‌ಗಳ ನಡುವೆ ನಿಂತ. ಎರಡರ ಝಿಪ್ ಎಳೆದು ನೋಡಿದ, ಉಳಿದ ನೋಟುಗಳನ್ನು ಎರಡು ಸಲ ಎಣಿಸಿದ, ಚಿತ್ರದ ಬ್ಯಾಗನ್ನು ತಾನೇ ಮರಳಿ ಕೊಕ್ಕೆಗೆ ಸಿಕ್ಕಿಸಿದ. ಆ ಹತ್ತು ನಿಮಿಷ ನಾನು ತುಟಿ ಬಿಚ್ಚಲಿಲ್ಲ. ಕಷ್ಟವಾಯಿತು, ಆದರೆ ನೀವೂ ಹಾಗೆಯೇ ಸುಮ್ಮನಿರಿ.

ಬಿಲ್ಲನ್ನೂ ಅವಳೇ ಓದಲಿ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಪುಸ್ತಕ, ಪೆನ್ಸಿಲ್, ರಬ್ಬರ್‌ಗಳಿಗೆ ಜಿಎಸ್‌ಟಿ ಇಲ್ಲ, ಬ್ಯಾಗ್‌ಗೆ ಇದೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ ಎಂಬುದನ್ನೂ ಆಗಲೇ ತೋರಿಸಿ.

ಉಳಿದ ಹಣವನ್ನು ಮಾತ್ರ ಹಿಂದಕ್ಕೆ ಕೇಳಬೇಡಿ, ಅದು ಅವಳದು. ಬ್ಯಾಗಿಗೇ ಹೆಚ್ಚು ಸುರಿದು ಕಂಪಾಸ್ ಪೆಟ್ಟಿಗೆಗೆ ಹಣ ಸಾಲದೆ ಹೋದರೆ, ಈ ವರ್ಷ ಹಳೆಯ ಪೆಟ್ಟಿಗೆಯನ್ನೇ ಒಯ್ಯಲಿ.