ಗನ್ ಗೇಮ್ ಆಡಿದ್ರೆ ಹುಡುಗ್ರು ಒರಟರಾಗ್ತಾರಾ?

ಪ್ರಶ್ನೆ: ಮೇಡಂ, ನನ್ ಮಗನಿಗೆ 13 ವರ್ಷ. ದಿನಾ ಸಂಜೆ ಫ್ರೆಂಡ್ಸ್ ಜೊತೆ ಆನ್‌ಲೈನಲ್ಲಿ ಶೂಟಿಂಗ್ ಗೇಮ್ ಆಡ್ತಾನೆ. ಮೊನ್ನೆ ಊಟಕ್ಕೆ ಎಷ್ಟು ಕರೆದ್ರೂ ಬರ್ಲಿಲ್ಲ ಅಂತ ವೈಫೈ ಆಫ್ ಮಾಡ್ದೆ, ಹೆಡ್‌ಫೋನ್ ಕಿತ್ತು ಗೋಡೆಗೆಸೆದ, ಅಡ್ಡ ಬಂದ ತಂಗಿನ ತಳ್ಳಿಬಿಟ್ಟ. ಎಲ್ಲಾ ಆ ಗೇಮಿಂದಾನೇ ಅಂತಾರೆ ಮನೇಲಿ. ಮುಂದೆ ಏನಾದ್ರೂ ಅನಾಹುತ ಮಾಡ್ಕೊಂಡ್ರೆ ಅಂತ ಭಯ.

ಉತ್ತರ: ಇಲ್ಲಿ ಎರಡು ಭಯ ಕಲಸಿಕೊಂಡಿದೆ. ಗೇಮ್ ಆಡಿ ಆಡಿ ಕೊಲೆ ಗಿಲೆ ಮಾಡೋ ಮಟ್ಟಕ್ಕೆ ಹೋಗ್ತಾರಾ ಅನ್ನೋದು ಒಂದು, ಅದಕ್ಕೆ ಆಧಾರ ಇಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2020ರಲ್ಲೇ ಹೇಳಿದೆ, ಶೂಟೌಟ್‌ಗಳಂಥ ಹಿಂಸೆಗೆ ವಿಡಿಯೋ ಗೇಮ್ ಕಾರಣ ಅನ್ನೋದು ವೈಜ್ಞಾನಿಕವಾಗಿ ಸರಿಯಲ್ಲ ಅಂತ.

ಸಿಡಿಮಿಡಿ, ಕೂಗಾಟ, ತಳ್ಳಾಟ ಜಾಸ್ತಿ ಆಗತ್ತಾ ಅನ್ನೋದು ಇನ್ನೊಂದು, ಇದ್ರಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. 2018ರಲ್ಲಿ 24 ಅಧ್ಯಯನಗಳನ್ನ, ಅಂದ್ರೆ 17 ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿನ ಒಟ್ಟಿಗೆ ನೋಡಿದಾಗ ಹಿಂಸೆಯ ಗೇಮಿಗೂ ಇಂಥ ಒರಟುತನಕ್ಕೂ ಸಣ್ಣ ಸಂಬಂಧ ಕಾಣಿಸ್ತು, ಮಾರನೇ ವರ್ಷ ಆಕ್ಸ್‌ಫರ್ಡ್‌ನವ್ರು ಸುಮಾರು ಸಾವಿರ ಜನ 14-15 ವಯಸ್ಸಿನ ಮಕ್ಕಳನ್ನ ನೋಡಿದ್ರು, ಗೇಮ್ ಎಷ್ಟು ಹಿಂಸೆಯದ್ದು ಅನ್ನೋಕೆ ಅಫೀಶಿಯಲ್ ರೇಟಿಂಗ್ (ಯಾವ ವಯಸ್ಸಿನೋರಿಗೆ ಸರಿ ಅನ್ನೋ ಗುರುತು) ತಗೊಂಡ್ರು, ಮಗು ಹೇಗಿದೆ ಅನ್ನೋದನ್ನ ಹೆತ್ತವ್ರನ್ನೇ ಕೇಳಿದ್ರು, ಸಂಬಂಧ ಸಿಗಲಿಲ್ಲ. ಇನ್ನು ಲ್ಯಾಬ್ ಪ್ರಯೋಗಗಳಲ್ಲಿ ಸಿಟ್ಟು ಅಳೆಯೋದು ಹೇಗೆ ಗೊತ್ತಾ? ಎದುರಾಳಿ ಕಿವಿಗೆ ಎಷ್ಟು ಜೋರಾಗಿ ಕರ್ಕಶ ಶಬ್ದ ಬಿಡ್ತೀಯಾ ಅಂತ ಕೇಳ್ತಾರೆ, ಎಷ್ಟೋ ಸಲ ಆ ಎದುರಾಳಿ ಇರೋದೇ ಇಲ್ಲ! ಅದಕ್ಕೂ ತಂಗಿನ ತಳ್ಳೋದಕ್ಕೂ ಎಷ್ಟು ದೂರ ನೀವೇ ನೋಡಿ.

ನಾನಾಗಿದ್ರೆ ಗನ್ ಬಿಟ್ಟು, ಆ ವೈಫೈ ಆಫ್ ಆದ ಗಳಿಗೆ ನೋಡ್ತೀನಿ. ಆನ್‌ಲೈನ್ ಮ್ಯಾಚನ್ನ ಸ್ವಲ್ಪ ಹೊತ್ತು ನಿಲ್ಲಿಸಿಡೋ ಪಾಝ್ ಬಟನ್ ಇರಲ್ಲ, ಮಧ್ಯದಲ್ಲಿ ಎದ್ರೆ ಟೀಮ್ ಸೋಲತ್ತೆ, ಫ್ರೆಂಡ್ಸ್ ಕೈಲಿ ಬೈಸ್ಕೋಬೇಕು, ಕೆಲವು ಗೇಮಲ್ಲಿ ಪಾಯಿಂಟೂ ಹೋಗತ್ತೆ. ಗುಂಡು ಬಂದೂಕು ಇಲ್ದಿರೋ ಗೇಮಲ್ಲೂ ಕಂಟ್ರೋಲ್ ಬೇಕಂತಾನೇ ಕಷ್ಟ ಮಾಡಿ ಕೊಟ್ರೆ ಆಡೋರು ಸಿಡುಕ್ತಾರೆ ಅಂತ ಪ್ರಯೋಗದಲ್ಲಿ ಕಂಡಿದೆ. ತಂಗಿನ ತಳ್ಳಿದ್ದು ತಪ್ಪೇ, ಅದಕ್ಕೆ ವಿನಾಯ್ತಿ ಬೇಡ, ಸಾರಿ ಕೇಳ್ಲೇಬೇಕು, ಆದ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ 'ಇನ್ನೊಂದೇ ಮ್ಯಾಚ್ ಕಣೋ' ಅಂತ ಹೇಳಿಟ್ಟು ಆ ಮ್ಯಾಚ್ ಮುಗಿಯೋವರೆಗೂ ಕಾದು ನೋಡಿ.

ಒಂದಿನ ಪಕ್ಕದಲ್ಲೇ ಕೂತ್ಕೊಳಿ. ಗೇಮಿನ ರೇಟಿಂಗ್ 16 ಅಥ್ವಾ 18 ಇದ್ರೆ 13ರ ಹುಡುಗನಿಗೆ ಬೇಡ ಅನ್ನೋಕೆ ಸಂಕೋಚ ಯಾಕೆ. ವಾಯ್ಸ್ ಚಾಟಲ್ಲಿ ಗುರುತಿಲ್ದೋರು ಏನೇನ್ ಬೈತಾರೆ ಅನ್ನೋದೂ ಕೇಳಿಸ್ಕೊಳಿ, ನಂಗೆ ಸ್ಕ್ರೀನ್ ಮೇಲಿನ ರಕ್ತಕ್ಕಿಂತ ಅದೇ ಜಾಸ್ತಿ ಚಿಂತೆ.

ಆಮೇಲೆ ಎರಡು ವಾರ ಗಮನಿಸಿ. ಆಟ ನಿಲ್ಲಿಸೋವಾಗ ಮಾತ್ರ ಸಿಟ್ಟಾದ್ರೆ ಮೇಲೆ ಹೇಳಿದ್ದು ಸಾಕಾಗ್ಬಹುದು. ಗೇಮ್ ಇಲ್ದಿರೋ ದಿನಾನೂ ಕೈ ಮಾಡ್ತಾನೆ, ಸ್ಕೂಲಿಂದಾನೂ ಕಂಪ್ಲೇಂಟ್ ಬರ್ತಿದೆ, ನಿದ್ದೆ ಕೆಟ್ಟಿದೆ ಅಂದ್ರೆ ಮಕ್ಕಳ ಕೌನ್ಸೆಲರ್ ಹತ್ರ ಕರ್ಕೊಂಡು ಹೋಗಿ, ಹೋದಾಗ ಗೇಮ್ ವಿಷ್ಯ ಕೊನೇಲಿ ಹೇಳಿದ್ರೂ ನಡೆಯತ್ತೆ.